ಭೂಗೋಳದ ಮೇಷ್ಟ್ರ ಪುಟಗುರುತು

ಎಲ್ಲದಕ್ಕೂ ಕಾರಣ ಒಂದು ಬೀಗ. ಅದೂ ನಿಜವಾದ ಬೀಗವಲ್ಲ. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟಿದ್ದ ಬೀಗದ ಚಿತ್ರ. ಅದು ತೆರೆದಿದೆಯೋ ಮುಚ್ಚಿದೆಯೋ ಎಂದು ಕನ್ನಡಕ ಏರಿಸಿ ನೋಡುವಷ್ಟು ತಾಳ್ಮೆ ಭೂಗೋಳದ ಮೇಷ್ಟ್ರಿಗೆ ಇರಲಿಲ್ಲ.

ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ವಿಚಾರ ಸಂಕಿರಣಕ್ಕೆ ಹೊರಟರೆಂದರೆ ಶಿಕ್ಷಕರ ಎದೆ ಡವಗುಟ್ಟುತ್ತಿತ್ತು. ಹಿಂದಿನ ಸಲ ಹೋಗಿ ಬಂದು ಬೆಂಚುಗಳನ್ನೆಲ್ಲ ದುಂಡಗೆ ಜೋಡಿಸಿ ಅರ್ಧ ಶಾಲೆಯ ಕತ್ತು ಉಳುಕಿಸಿದ್ದರು. ಈ ಸಲ 'ಪುಟಗುರುತು' ಹಿಡಿದುಕೊಂಡು ಬಂದರು. ಇಂಟರ್‌ನೆಟ್ಟಿನಲ್ಲಿ ಪಾಠಕ್ಕೆ ಒದಗುವ ಪುಟ ಕಂಡರೆ ಗುಂಡಿ ಒತ್ತಿ ಉಳಿಸಬೇಕು, ಅದಕ್ಕೊಂದು ಗುರುತಿನ ಪದ ಅಂಟಿಸಬೇಕು, ಪಕ್ಕದಲ್ಲಿ ಟಿಪ್ಪಣಿ ಬರೆಯಬೇಕು. ಆ ಪದ ಹುಡುಕಿದರೆ ಎಲ್ಲ ಶಿಕ್ಷಕರಿಗೂ ಆ ಪುಟ ಸಿಗಬೇಕು.

"ಇನ್ಮೇಲೆ ನಿಮ್ಮ ಜ್ಞಾನ ನಿಮ್ಮೊಬ್ಬರದೇ ಅಲ್ಲ" ಎಂದರು ದೊಡ್ಡ ಮೇಡಂ, ಸೀಮೆಸುಣ್ಣದ ಡಬ್ಬಿಗೂ ಬೀಗ ಹಾಕಿಕೊಳ್ಳುತ್ತಿದ್ದ ಜನಕ್ಕೆ. "ವಾರಕ್ಕೆ ಹತ್ತು ಪುಟ ಉಳಿಸದೇ ಇರೋರ ರಜೆ ಅರ್ಜಿ ನಾನು ಮುಟ್ಟೋದೂ ಇಲ್ಲ."

ರಜೆ ಎಂದ ಕೂಡಲೇ ಮೇಷ್ಟ್ರ ಕಿವಿ ನೆಟ್ಟಗಾಯಿತು. ಇಪ್ಪತ್ತಾರು ವರ್ಷ ಅಲೆ, ಉಬ್ಬರ, ಇಳಿತ ಎಂದು ಪಾಠ ಮಾಡಿದ ಮನುಷ್ಯ ಹೆಂಡತಿಗೆ ಒಮ್ಮೆಯೂ ಸಮುದ್ರ ತೋರಿಸಿರಲಿಲ್ಲ. ಮದುವೆಯ ವರ್ಷ ಕೊಟ್ಟ ಮಾತಿಗೆ ಈಗ ಹದಿನೇಳು ತುಂಬಿತ್ತು. ಬರುವ ಸೋಮವಾರದಿಂದ ಮೂರು ದಿನ ಎಂದು ಕೊನೆಗೂ ನಿಶ್ಚಯವಾಗಿತ್ತು. "ಈ ಸಲಾನೂ ತಪ್ಪಿದ್ರೆ ನಾನು ನನ್ನ ತಂಗಿ ಜೊತೆ ಹೋಗ್ತೀನಿ. ನೀವು ನಕ್ಷೆ ನೋಡ್ಕೊಂಡು ಇರಿ" ಎಂದು ಆಕೆ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿಯೂ ಆಗಿತ್ತು.

ಮೇಷ್ಟ್ರು ಉಳಿಸಲು ಕೂತರು. ಪಾಠದ ಪುಟ ನಾಲ್ಕು ಸಿಕ್ಕವು. ಉಳಿದ ಆರಕ್ಕೆ ಸ್ವಂತ ಬಳಕೆಯವನ್ನು ತುಂಬಿದರು. ಬೀಗ ಮುಚ್ಚಿದ್ದರೆ ಪುಟ ಬೇರೆಯವರಿಗೆ ಕಾಣದಲ್ಲ, ಎಣಿಕೆ ಮೇಡಂಗೆ, ಪುಟ ತಮಗೆ ಎಂದು ಅವರ ಲೆಕ್ಕಾಚಾರ. ಮಂಡಿನೋವಿನ ವ್ಯಾಯಾಮಕ್ಕೆ 'ಸವಕಳಿ' ಎಂಬ ಗುರುತು ಅಂಟಿಸಿದರು. ಕೂದಲುದುರುವುದಕ್ಕೆ 'ಅರಣ್ಯನಾಶ'. 'ಹಠಮಾರಿ ಮೇಲಧಿಕಾರಿಯನ್ನು ಸಹಿಸಿಕೊಳ್ಳುವ ಏಳು ಉಪಾಯಗಳು' ಎಂಬ ಲೇಖನಕ್ಕೆ 'ಚಂಡಮಾರುತ'. 'ಭೂಕಂಪ' ಎಂದೂ ಒಂದಿತ್ತು. ಅದರ ಮಾತು ಈಗ ಬೇಡ.

ಶುಕ್ರವಾರ ಬೆಳಿಗ್ಗೆ ಶಿಕ್ಷಕರ ಕೊಠಡಿಗೆ ಕಾಲಿಟ್ಟರೆ ವ್ಯಾಯಾಮದ ಸೀಟಿ ಮೇಷ್ಟ್ರು ಎದ್ದು ನಿಂತು ಇವರ ನೆತ್ತಿಯನ್ನೇ ನೋಡಿದರು.

"ಏನ್ ಸಾರ್, ಅರಣ್ಯನಾಶ ಎಲ್ಲೀವರೆಗೆ ಬಂತು?"

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಗಣಿತದ ಮೇಡಂ ಕನಿಕರಪಟ್ಟು ಬಿಡಿಸಿ ಹೇಳಿದರು. "ಬೀಗ ತೆರೆದಿದ್ರೆ ಎಲ್ರಿಗೂ ಕಾಣುತ್ತೆ ಸಾರ್. ನಿಮ್ದು ತೆರೆದೇ ಇದೆ. ಮೂರು ದಿನದಿಂದ ನಾವೆಲ್ಲ ಓದ್ತಾ ಇದೀವಿ. ಆ ಮೇಲಧಿಕಾರಿ ಲೇಖನ ಮಾತ್ರ ಭಾರಿ ಚೆನ್ನಾಗಿದೆ. 'ನಾಲ್ಕನೆಯ ಉಪಾಯ ನಮ್ಮವರ ಮೇಲೆ ನಡೆಯುವುದಿಲ್ಲ' ಅಂತ ನೀವು ಟಿಪ್ಪಣಿ ಬರೆದಿರೋದು ಇನ್ನೂ ಚೆನ್ನಾಗಿದೆ."

ಮೇಷ್ಟ್ರು ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತರು. ಪುಣ್ಯಕ್ಕೆ ಇತ್ತು. ಅಷ್ಟರಲ್ಲಿ ದೊಡ್ಡ ಮೇಡಂ ಬಾಗಿಲಲ್ಲಿ ಕಾಣಿಸಿಕೊಂಡು, ಮಧ್ಯಾಹ್ನ ಮೂರಕ್ಕೆ ಇಲಾಖೆಯ ಸಾಹೇಬರು ಬರುತ್ತಾರೆ, ಅವರೆದುರು ಪುಟಗುರುತಿನ ಪ್ರದರ್ಶನವಿದೆ ಎಂದರು. "ಒಂಬತ್ತನೇ ಕ್ಲಾಸಿಗೆ ಈಗ ಚಂಡಮಾರುತದ ಪಾಠ ನಡೀತಿದೆ ಅಲ್ವಾ ಸಾರ್? ಆ ಪದಾನೇ ಹುಡುಕಿ ತೋರಿಸ್ತೀನಿ. ನಿಮ್ಮ ರಜೆ ಅರ್ಜಿ ನನ್ನ ಮೇಜಿನ ಮೇಲಿದೆ. ಪ್ರದರ್ಶನ ಮುಗೀಲಿ, ನೋಡೋಣ."

ಪುಟ ಅಳಿಸಬೇಕು, ಅಷ್ಟೇ. ಆದರೆ ಒಳಗೆ ಹೋಗಲು ಪಾಸ್‌ವರ್ಡ್ ಬೇಕು, ಅದು ಮನೆಯಲ್ಲಿದ್ದ ಡೈರಿಯ ಕೊನೇ ಪುಟದಲ್ಲಿತ್ತು. ಹೆಂಡತಿಗೆ ಫೋನ್ ಮಾಡಿದರು.

"ಸಮುದ್ರ, ಹದಿನೇಳು ಅಂತಿದೆ ಕಣ್ರೀ" ಎಂದಳು ಆಕೆ. "ನಿಮ್ಮ ಪಾಸ್‌ವರ್ಡಿಗಾದ್ರೂ ಸಮುದ್ರ ಸಿಕ್ತಲ್ಲ. ಎಲ್ಲಿಗೆ ಹಾಕೋದು ಇದನ್ನ?"

"ಶಾಲೆ ಪುಟಗುರುತಿಗೆ ಕಣೇ. ಸಮುದ್ರದ ಲಾಡ್ಜ್ ಚಿತ್ರಾನೂ ಅದರಲ್ಲೇ ಇಟ್ಟಿದೀನಿ" ಎಂದು ಮೇಷ್ಟ್ರು ಅವಸರದಲ್ಲಿ ಫೋನ್ ಇಟ್ಟರು.

ಒಳಹೊಕ್ಕು ಅಳಿಸಿದರು. 'ಚಂಡಮಾರುತ' ಎಂದು ಹುಡುಕಿದರು. ಲೇಖನ ಎಲ್ಲಕ್ಕಿಂತ ಮೇಲೆ ಗಟ್ಟಿಯಾಗಿ ಕೂತಿತ್ತು.

"ನಾವೂ ಉಳಿಸ್ಕೊಂಡಿದೀವಲ್ಲ ಸಾರ್, ಅದೇ ಗುರುತಲ್ಲಿ" ಎಂದರು ಗಣಿತದ ಮೇಡಂ. "ನಾನು ತೆಗೀತೀನಿ. ಆದ್ರೆ ಪರೀಕ್ಷೆಗೆ ನನ್ನ ಬದಲು ನೀವು ಕೊಠಡಿ ನೋಡ್ಕೋಬೇಕು."

ಮೇಷ್ಟ್ರು ಮನೆಮನೆ ಮತ ಕೇಳುವವರಂತೆ ತರಗತಿಯಿಂದ ತರಗತಿಗೆ ಅಲೆದರು. ವಿಜ್ಞಾನದವರು ಪ್ರಯೋಗಾಲಯದ ಗಾಜು ತೊಳೆಸಿಕೊಂಡರು. ಚಿತ್ರಕಲೆಯವರು ವಾರ್ಷಿಕೋತ್ಸವದ ತೆರೆ ಕಟ್ಟುವ ಕೆಲಸ ಒಪ್ಪಿಸಿದರು. ಒಬ್ಬೊಬ್ಬರದೇ ಅಳಿಯಿತು. ಎರಡೂಮುಕ್ಕಾಲಿಗೆ ಉಳಿದದ್ದು ಸೀಟಿ ಮೇಷ್ಟ್ರದು.

"ಅಳಿಸೋಕೆ ನಂದೇನೂ ಅಡ್ಡಿ ಇಲ್ಲ ಸಾರ್. ಪಾಸ್‌ವರ್ಡ್ ಮರೆತೋಗಿದೆ."

ಮೂರಕ್ಕೆ ಸಭಾಂಗಣ ಭರ್ತಿಯಾಯಿತು. ದೊಡ್ಡ ಮೇಡಂ ಜ್ಞಾನ, ಸಹಕಾರ, ಹೊಸ ಯುಗ ಎಂದು ಹದಿನೈದು ನಿಮಿಷ ಕೊರೆದು 'ಚಂಡಮಾರುತ' ಎಂದು ಒತ್ತಿದರು. ಗೋಡೆಯಗಲದ ಪರದೆಯ ಮೇಲೆ ಏಳು ಉಪಾಯಗಳು ಮೂಡಿದವು. ಸಾಹೇಬರು ಶೀರ್ಷಿಕೆಯನ್ನು ಗಟ್ಟಿಯಾಗಿ ಓದಿದರು.

"ಇದನ್ನ ಮೊದಲು ಉಳಿಸಿದವರು ಯಾರು ಅಂತ ತೋರಿಸುತ್ತಲ್ಲ ಇದು?" ಎಂದು ತಾವೇ ಕೈ ಚಾಚಿ ಒತ್ತಿದರು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ ಒಂದು ಕಣ್ಣು ತೆರೆದರು. ಪರದೆಯ ಮೇಲೆ ಎರಡೇ ಹೆಸರು. ಎರಡನೆಯದು ಸೀಟಿ ಮೇಷ್ಟ್ರದು. ಮೊದಲನೆಯದು ದೊಡ್ಡ ಮೇಡಂದು. ಅದಕ್ಕೆ ಅವರು ಅಂಟಿಸಿದ್ದ ಗುರುತು 'ಸಾಹೇಬರು'. ಊರಿಗೆಲ್ಲ ಪಾಠ ಹೇಳಿದ ಮೇಡಂಗೂ ಆ ಬೀಗ ಕಂಡಿರಲಿಲ್ಲ.

ಆಗ ಸುಮ್ಮನೆ ಕೂತಿದ್ದರೆ ಮೇಷ್ಟ್ರು ಬಚಾವಾಗುತ್ತಿದ್ದರು. ಆದರೆ ಬಿಳಿಚಿಕೊಂಡ ಮೇಡಂ ಮುಖದಲ್ಲಿ ಅವರಿಗೆ ತಮ್ಮ ರಜೆ ಅರ್ಜಿ ಕಂಡಿತು. ಎದ್ದು ನಿಂತರು.

"ಸಾರ್, ತಪ್ಪು ನಂದು. ಮೇಡಂ ಖಾತೆ ತೆರೆದಿತ್ತು, ಗೊತ್ತಾಗದೆ ಅದರಲ್ಲೇ ಉಳಿಸಿಬಿಟ್ಟೆ. ಸಾಹೇಬರು ಅಂದ್ರೆ ನೀವಲ್ಲ ಸಾರ್. ಮನೇಲಿ ನಮ್ಮ ಮಾವನ್ನ ಹಾಗೆ ಕರೀತೀವಿ."

ಮೇಡಂ ಕಣ್ಣಲ್ಲಿ ನೀರು ಬಂತು. ಸಾಹೇಬರ ಕಣ್ಣಲ್ಲಿ ಬರಲಿಲ್ಲ.

"ಇನ್ನೊಬ್ಬರ ಖಾತೇಲಿ ಕೈ ಆಡಿಸೋದು ಸಣ್ಣ ತಪ್ಪಲ್ಲ. ಸೋಮವಾರದಿಂದ ಮೂರು ದಿನ ಖಾತೆ ಸುರಕ್ಷತೆಯ ತರಬೇತಿ ಇದೆ. ಈ ಶಾಲೆಯಿಂದ ಇವರೇ ಬರಲಿ. ಸಮುದ್ರದ ದಂಡೇಲೇ ಇದೆ ಜಾಗ. ಪರದೆ ಚೆನ್ನಾಗಿ ಕಾಣಲಿ ಅಂತ ಕಿಟಕಿ ಇಲ್ಲದ ಹಾಲ್ ತಗೊಂಡಿದೀವಿ."

"ತರಬೇತಿಗೆ ಹೋಗೋರಿಗೆ ರಜೆ ಯಾಕೆ ಸಾರ್?" ಎಂದು ಸಾಹೇಬರನ್ನು ಕಳಿಸಿ ಬಂದ ಮೇಡಂ ಕೃತಜ್ಞತೆಯಿಂದಲೇ ಮೇಷ್ಟ್ರ ಅರ್ಜಿ ಹರಿದರು.

ಮನೆಯ ದಾರಿಯಲ್ಲಿ ಮೇಷ್ಟ್ರಿಗೆ ತಟ್ಟನೆ ಹೊಳೆಯಿತು. ಹೆಂಡತಿಯನ್ನೂ ಕರೆದುಕೊಂಡು ಹೋದರಾಯಿತು! ತರಬೇತಿ ಸಂಜೆ ಐದಕ್ಕೆ ಮುಗಿದೇ ಮುಗಿಯುತ್ತದೆ, ಸೂರ್ಯಾಸ್ತವನ್ನಂತೂ ತೋರಿಸಬಹುದು. ಹೆಜ್ಜೆ ಹಗುರಾಯಿತು, ಮಂಡಿನೋವೂ ಮರೆತುಹೋಯಿತು.

ಬಾಗಿಲಲ್ಲಿ ಸೂಟ್‌ಕೇಸ್ ಇತ್ತು. ಅದರ ಪಕ್ಕ ನಾದಿನಿಯ ಸೂಟ್‌ಕೇಸೂ ಇತ್ತು.

"ಲಾಡ್ಜ್ ಚಿತ್ರ ನೋಡೋಣ ಅಂತ ನಿಮ್ಮ ಪಾಸ್‌ವರ್ಡ್ ಹಾಕಿದೆ" ಎಂದಳು ಹೆಂಡತಿ, ಬಹಳ ಮೆತ್ತಗೆ. "ಭೂಕಂಪ ಅಂತ ಒಂದಿತ್ತು. 'ಸಿಟ್ಟಿನ ಹೆಂಡತಿಯನ್ನು ಸಂಭಾಳಿಸುವ ಒಂಬತ್ತು ಮಾರ್ಗಗಳು'. ಮೂರನೇದು, ಪ್ರವಾಸದ ಆಸೆ ತೋರಿಸಿ ದಿನ ತಳ್ಳೋದು. ಅದಕ್ಕೆ ನೀವು ಟಿಪ್ಪಣಿ ಬರೆದಿದೀರಿ."

"ಏನಂತ?" ಎಂದರು ಮೇಷ್ಟ್ರು, ಗೊತ್ತಿದ್ದೂ.

"'ಹದಿನೇಳು ವರ್ಷದಿಂದ ಬಳಸುತ್ತಿದ್ದೇನೆ, ಒಮ್ಮೆಯೂ ಕೈಕೊಟ್ಟಿಲ್ಲ' ಅಂತ."