ಭಾವ ಚೀಲ ಆರಿಸಿದ್ದು

ಅಕ್ಕನನ್ನು ನೋಡಲು ಬಂದ ದಿನ ನಮ್ಮ ಭಾವ ಒಂದು ತಟ್ಟೆ ಉಪ್ಪಿಟ್ಟು, ಅರ್ಧ ಲೋಟ ಕಾಫಿ ಮುಗಿಸುವುದರೊಳಗೆ "ಆಗಬಹುದು" ಎಂದುಬಿಟ್ಟಿದ್ದರು. ಹೆಚ್ಚೆಂದರೆ ಹತ್ತು ನಿಮಿಷ! ಅದೇ ಮನುಷ್ಯ ಒಂದು ಚೀಲ ಆರಿಸಲು ನಾಲ್ಕು ತಿಂಗಳು ತೆಗೆದುಕೊಂಡರು. ಈ ಅವಮಾನವನ್ನು ಅಕ್ಕ ಇವತ್ತಿಗೂ ಮರೆತಿಲ್ಲ.

"ನನಗೆ ಹತ್ತು ನಿಮಿಷ, ಚೀಲಕ್ಕೆ ನಾಲ್ಕು ತಿಂಗಳು!" ಎಂದು ಅವಳು ಶುರು ಮಾಡಿದರೆ ಭಾವನ ಉತ್ತರ ಸಿದ್ಧವಾಗಿರುತ್ತದೆ.

"ನಿನ್ನನ್ನು ಹೆಗಲಿಗೆ ಹಾಕ್ಕೊಂಡು ಊರಿಡೀ ನಡೀಲಿಕ್ಕೆ ಇರ್ಲಿಲ್ಲವಲ್ಲ ಮಾರಾಯ್ತಿ!"

ಅರವತ್ತರ ದಶಕದ ಕೊನೆಯ ಮಾತು. ನಾನು ಟೈಪಿಂಗ್ ಕಲಿಯುತ್ತೇನೆಂದು ಊರಿನಿಂದ ಮುಂಬಯಿಗೆ ಬಂದು, ಅಂಧೇರಿಯ ಚಾಳಿನಲ್ಲಿ ಅಕ್ಕ ಭಾವನ ಒಂದೂವರೆ ಕೋಣೆಯ ಮನೆಯಲ್ಲಿ ಠಿಕಾಣಿ ಹೂಡಿದ್ದೆ. ಭಾವ ಸ್ಟೇಶನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಪರೀಕ್ಷೆ ಮಾಡದೆ ಅವರು ಈ ಭೂಮಿಯ ಮೇಲೆ ಏನನ್ನೂ ಒಪ್ಪಿಕೊಂಡವರಲ್ಲ. ಕೊಡೆ ಕೊಳ್ಳಲು ಹೋದರೆ ಅಂಗಡಿಯವನ ಕೈಯಲ್ಲೇ ಒಂದು ಬಕೆಟ್ ನೀರು ಸುರಿಸುವುದು. ಹೊಸ ಚಪ್ಪಲಿ ಹಾಕಿಕೊಂಡು ಅಂಧೇರಿಯಿಂದ ಮಲಾಡಿನವರೆಗೆ ನಡೆದು, ಅದು ಕಚ್ಚಿತೆಂದು ಅಲ್ಲಿಂದ ಕುಂಟುತ್ತ ವಾಪಸು ಬಂದು ಅಂಗಡಿಯವನಿಗೆ ಗುಳ್ಳೆ ತೋರಿಸುವುದು. ಅಂಧೇರಿ ಬಜಾರಿನಲ್ಲಿ ಭಾವ ಬರುವುದು ಕಂಡರೆ ಅರ್ಧ ಶಟರ್ ಎಳೆಯುವವರೂ ಇದ್ದರು! ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ಆ ದಾರಿಯಲ್ಲಿ ಅವರು ಒಬ್ಬರೇ ಎದೆಯೆತ್ತಿ ನಡೆಯುತ್ತಿದ್ದರು.

ಚೀಲದ ಕತೆ ಶುರುವಾದದ್ದು ಮಾತ್ರ ತಮಾಷೆಯಿಂದಲ್ಲ.

ಅಕ್ಕನ ಮಗಳು ಸುಮಾಳಿಗೆ ಆಗ ಏಳು ವರ್ಷ. ಎರಡು ವರ್ಷದವಳಿದ್ದಾಗ ಬಂದ ಜ್ವರ ಅವಳ ಬಲಗಾಲಿನ ಶಕ್ತಿಯನ್ನು ಕೊಂಡುಹೋಗಿತ್ತು. ಗೋಡೆ ಹಿಡಿದು ಮನೆಯೊಳಗೆ ಓಡಾಡುತ್ತಿದ್ದಳು, ದೂರ ನಡೆಯಲಾಗುತ್ತಿರಲಿಲ್ಲ. ಆ ವರ್ಷ ಶಾಲೆಯವರು ಮಕ್ಕಳನ್ನು ರಾಣಿಬಾಗಿನ ಪ್ರಾಣಿಗಳನ್ನೂ ಮಲಬಾರ್ ಹಿಲ್ಲಿನ ಪಾರ್ಕಿನಲ್ಲಿ ದೊಡ್ಡ ಬೂಟಿನ ಆಕಾರಕ್ಕೆ ಕಟ್ಟಿದ ಬೂಟಿನ ಮನೆಯನ್ನೂ ತೋರಿಸಲು ಕರೆದುಕೊಂಡು ಹೋದರು. ಇವಳನ್ನು ಬಿಟ್ಟು. "ಪಾಪ, ಮಗುವಿಗೆ ಆಯಾಸವಾಗುತ್ತದೆ" ಎಂದು ಟೀಚರ್ ಪ್ರೀತಿಯಿಂದಲೇ ಹೇಳಿ ಕಳಿಸಿದ್ದರು. ಮರುದಿನ ಸುಮಾ ಶಾಲೆಯಿಂದ ಬಂದು, "ಆ ಬೂಟಿನೊಳಗೆ ಮೆಟ್ಟಿಲು ಉಂಟಂತೆ ಅಪ್ಪ. ಮೇಲಿನ ಕಿಟಕಿಯಿಂದ ಸಮುದ್ರ ಕಾಣ್ತದಂತೆ. ಎಲ್ಲರೂ ನೋಡಿದ್ರಂತೆ" ಎಂದಳು. ಅಳಲಿಲ್ಲ. ಅತ್ತಿದ್ದರೆ ನಮಗೆಲ್ಲ ಸುಲಭವಾಗುತ್ತಿತ್ತು.

ಭಾವ ತಟ್ಟೆ ಬಿಟ್ಟು ಎದ್ದರು. "ಮಳೆಗಾಲದ ಮೊದಲು ಒಂದು ದಿನ. ಬೆಳಿಗ್ಗೆ ರಾಣಿಬಾಗ್, ಮಧ್ಯಾಹ್ನ ಬೂಟಿನ ಮನೆ, ಸಂಜೆ ಚೌಪಾಟಿ. ಎಲ್ಲಿಯೂ ಇವಳನ್ನು ಬೆಂಚಿನ ಮೇಲೆ ಕೂರಿಸಿ ನಾವು ನೋಡಿ ಬರುದಲ್ಲ. ಆ ಕಿಟಕಿಯಿಂದ ಇವಳು ಸಮುದ್ರ ನೋಡ್ಬೇಕು. ಆಯ್ತಾ?"

ಆಯ್ತು. ಆದರೆ ಸುಮಾಳನ್ನು ದಿನವಿಡೀ ಉಪ್ಪುಮೂಟೆ ಹೊರಬೇಕು. ಹಾಗೆ ಹೊರುವವನ ಬೆನ್ನು ಮಗಳಿಗೆ, ಎರಡೂ ಕೈ ಮಗಳ ಕಾಲಿಗೆ, ಎರಡೂ ಭುಜ ಮಗಳ ತೋಳಿಗೆ. ಹಾಗಾದರೆ ಊಟದ ಚೀಲ ಎಲ್ಲಿಗೆ?

ಹೊರಗೆ ತಿಂದರಾಯಿತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿ ಬೈಸಿಕೊಂಡಿದ್ದೆ. "ಹೋಟೆಲಿನ ಅಡುಗೆಮನೆ ಒಳಗಿಂದ ನೋಡಿದವ ಬೇರೆಯವರ ಹೋಟೆಲಲ್ಲಿ ತಿಂತಾನಾ?" ಎಂದು ಭಾವ ಗುಡುಗಿದ್ದರು. ತಮ್ಮ ಹೋಟೆಲಿನಲ್ಲಿ ದಿನಕ್ಕೆ ಸಾವಿರ ಜನಕ್ಕೆ ಬಡಿಸುವ ಮನುಷ್ಯ! ಹೀಗಾಗಿ ಚಪಾತಿ, ಮೊಸರನ್ನ, ಉಪ್ಪಿನಕಾಯಿ, ನೀರು, ಕಾಫಿಯ ಫ್ಲಾಸ್ಕು, ಕೊಡೆ, ಕೈ ಒರೆಸಲು ಬೈರಾಸು, ಎಲ್ಲವೂ ಚೀಲದಲ್ಲೇ ಬರಬೇಕು.

"ನಾನು ಹಿಡ್ಕೊಳ್ತೇನೆ ಭಾವ, ನನಗೇನು ಕೈ ಇಲ್ವಾ?" ಎಂದೆ.

"ನೀನು ಲೋಕಲ್‌ನಲ್ಲಿ ಕಳೆದ ಕೊಡೆ ಎಷ್ಟು?"

ಮೂರು. ಅಕ್ಕನೋ ಆಗ ಮೂರು ತಿಂಗಳ ಬಸುರಿ, ಅವಳು ಹೊರುವ ಹಾಗಿರಲಿಲ್ಲ. "ನಾನು ಹೊರ್ತೇನೆ ಅಪ್ಪ" ಎಂದು ಮೂಲೆಯಿಂದ ಸುಮಾ ಹೇಳಿದಳು. "ನೀನು ಸುಮ್ಮನೆ ಕೂತ್ಕೋ ಮಗಾ" ಎಂದು ಮೂವರೂ ಒಟ್ಟಿಗೇ ಹೇಳಿದೆವು.

ಮೊದಲು ಬಂದದ್ದು ಪ್ಲಾಸ್ಟಿಕ್ ವಯರಿನ ಬುಟ್ಟಿ. ಆಗ ಚಾಳಿನ ಹೆಂಗಸರೆಲ್ಲ ಅದನ್ನು ಹೆಣೆಯುವ ಹುಚ್ಚು ಹಿಡಿಸಿಕೊಂಡಿದ್ದರು. ಭಾವ ಅದರ ಹಿಡಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಸುಮಾಳನ್ನು ಬೆನ್ನಿಗೆ ಹಾಕಿಕೊಂಡು ಚಾಳಿನ ಓಣಿಯಲ್ಲಿ ನಾಲ್ಕು ಸುತ್ತು ಬಂದರು. ಐದನೆಯ ಸುತ್ತಿಗೆ ಕೈ ನೀಲಿಯಾಯಿತು. ಬುಟ್ಟಿ ಈರುಳ್ಳಿಗೆ ಹೋಯಿತು.

ಆಮೇಲೆ ವಿಮಾನದ ಚೀಲ. ಪಕ್ಕದ ಕೋಣೆಯವರು ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದರು. ಯಾರೋ ಪ್ರಯಾಣಿಕ ಬಿಟ್ಟುಹೋದ ನೀಲಿ ಚೀಲವನ್ನು ಧಾರಾಳವಾಗಿ ಕೊಟ್ಟರು. ಭಾವ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟರೆ ಚಾಳಿಗೆ ಚಾಳೇ, "ಕ್ಯಾ ಸೇಠ್, ಲಂಡನ್?" ಎಂದು ವಿಚಾರಿಸಿತು. ಅದರ ಪಟ್ಟಿ ನುಣುಪು. ಹತ್ತು ಹೆಜ್ಜೆಗೊಮ್ಮೆ ಜಾರಿ ಭಾವನ ಮೊಣಕಾಲಿಗೆ ಬಡಿಯುತ್ತಿತ್ತು. ಲಂಡನ್ ಪ್ರಯಾಣ ಎರಡನೆಯ ಮಹಡಿಯ ಮೆಟ್ಟಿಲಲ್ಲೇ ಮುಗಿಯಿತು.

ಮೂರನೆಯದು ಧಾರಾವಿಯಿಂದ ತಂದ ಚರ್ಮದ ಚೀಲ. ಎದೆಗೆ ಅಡ್ಡಲಾಗಿ ಪಟ್ಟಿ, ಸೊಂಟದ ಪಕ್ಕಕ್ಕೆ ಚೀಲ, ಜಾರುವ ಮಾತಿಲ್ಲ. ಪರೀಕ್ಷೆಗೆಂದು ಭಾವ ಅದನ್ನು ಹಾಕಿಕೊಂಡು ಬಸ್ಸು ಹತ್ತಿದರು. ಅವತ್ತು ಅವರು ಖಾಕಿ ಶರ್ಟು ತೊಟ್ಟದ್ದು ಯಾರ ಪ್ರಾರಬ್ಧವೋ! ಎರಡೇ ಸ್ಟಾಪಿನೊಳಗೆ ಮೂವರು ಕೈಚಾಚಿ "ಏಕ್ ಅಂಧೇರಿ" ಎಂದರು. ನಾಲ್ಕನೆಯವಳು ಒಬ್ಬ ಮುದುಕಿ, ಟಿಕೆಟ್ ಕೊಡುವುದಿಲ್ಲವೆಂದು ಅವರಿಗೆ ಮರಾಠಿಯಲ್ಲಿ ಮಂಗಳಾರತಿಯನ್ನೇ ಮಾಡಿದಳು. ಅದನ್ನೂ ಸಹಿಸುತ್ತಿದ್ದರೋ ಏನೋ, ಆದರೆ ಮನೆಗೆ ಬಂದು ಸುಮಾಳನ್ನು ಎತ್ತಿಕೊಂಡಾಗ ಚೀಲದ ಮೂಲೆ ಅವಳ ಬಲಮೊಣಕಾಲಿಗೇ ತಾಗಿತು. ಚೀಲ ಆ ಕ್ಷಣದಲ್ಲೇ ಅಟ್ಟ ಸೇರಿತು.

ಇಷ್ಟಾಗುವಾಗ ಮೂರು ತಿಂಗಳು ಕಳೆದಿತ್ತು. ಮೋಡಗಳಿಗೆ ಭಾವನ ಚೀಲ ಸಿಗುವವರೆಗೆ ಕಾಯುವ ವ್ಯವಧಾನವಿರುತ್ತದೆಯೇ? "ಮಳೆ ಬಂದ್ರೆ ಹೋಗ್ಲಿಕ್ಕಿಲ್ಲ ಅಲ್ವಾ ಚಿಕ್ಕಮ್ಮ?" ಎಂದು ಸುಮಾ ದಿನವೂ ನನ್ನನ್ನು ಕೇಳುತ್ತ ಕಿಟಕಿಯಿಂದ ಆಕಾಶ ನೋಡತೊಡಗಿದಳು. ಅದನ್ನು ಕೇಳಿದ ಮೇಲೆ ಭಾವನ ಹಟ ಇನ್ನೂ ಬಲವಾಯಿತು. ಸಣ್ಣ ಓಣಿಯ ಪರೀಕ್ಷೆ ಸಾಲದು, ನಿಜವಾದ ದೂರದ ಪರೀಕ್ಷೆಯಾಗಬೇಕು ಎಂದರು. ಮಗುವನ್ನು ಬಿಸಿಲಲ್ಲಿ ಅಲೆಸುವುದು ಬೇಡವೆಂದು, ಅವಳನ್ನು ಹೋಟೆಲಿನ ಉಗ್ರಾಣಕ್ಕೆ ಕರೆದೊಯ್ದು ಆಲೂಗಡ್ಡೆ ತೂಗುವ ತಕ್ಕಡಿಯಲ್ಲಿ ಕೂರಿಸಿದರು. ಹದಿನೇಳು ಕಿಲೋ. ಅಷ್ಟೇ ತೂಕದ ರವೆಯನ್ನು ಬಟ್ಟೆಯ ಮೂಟೆಗೆ ತುಂಬಿಸಿದರು.

"ನನ್ನಿಂದ ಎಷ್ಟು ಪ್ಲೇಟ್ ಉಪ್ಪಿಟ್ಟು ಆಗ್ತದೆ ಅಪ್ಪ?" ಎಂದು ಸುಮಾ ಕೇಳಿದಳು.

ಭಾವ ನಗಲಿಲ್ಲ. ಕಣ್ಣು ಮುಚ್ಚಿ ಲೆಕ್ಕ ಹಾಕಿ, "ಇನ್ನೂರಕ್ಕೆ ಮೋಸ ಇಲ್ಲ" ಎಂದರು.

ಮರುದಿನ ಬೆಳಿಗ್ಗೆ ಹೆಗಲಿಗೊಂದು ಬಟ್ಟೆಚೀಲ, ಬೆನ್ನಿಗೆ ರವೆಯ ಮೂಟೆ ಉಪ್ಪುಮೂಟೆಯಾಗಿ! ಭಾವ ಪವಾಯಿ ರಸ್ತೆ ಹಿಡಿದರು. ಬೆವರು ಒರೆಸುವ ಕೆಲಸಕ್ಕೆ ಅವರ ಹಿಂದೆ ನಾನು. ಅದೋ ರೇಶನ್ ಕಾಲ. ಧಾನ್ಯದ ಮೂಟೆ ಹೊತ್ತು ಹೋಗುವವನನ್ನು ಪೊಲೀಸರು ಬಿಡುತ್ತಾರೆಯೇ? ನಾಕಾದಲ್ಲಿ ದಪ್ಪ ಮೀಸೆಯ ಹವಾಲ್ದಾರ ಅಡ್ಡ ಬಂದ.

"ಕ್ಯಾ ಹೈ ಪೀಠ್ ಪೇ? ಚಾವಲ್?"

ಮೂರು ತಿಂಗಳಿಂದ ಒಂದೇ ಧ್ಯಾನದಲ್ಲಿದ್ದ ಭಾವನ ಬಾಯಿಂದ ಥಟ್ಟನೆ ಬಂತು: "ನಹೀ ಸಾಬ್, ಮೇರಾ ಬೇಟಿ ಹೈ!"

ಬೆನ್ನಿನ ಮೇಲಿರುವುದು ಅಕ್ಕಿಯಲ್ಲ, ಮಗಳಂತೆ! ಹವಾಲ್ದಾರ ಮೂಟೆಯನ್ನು ನೋಡಿದ. ಭಾವನನ್ನು ನೋಡಿದ. ಕೊನೆಗೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಲಾಠಿಯ ತುದಿಯಿಂದ ಮೂಟೆಯನ್ನು ತಿವಿದಾಗ ‘ಬೇಟಿ’ಯ ಮೂಲೆಯಿಂದ ರವೆ ಸುರಿಯಿತು! "ಬೇಟಿ ಕಾ ನಾಮ್ ಕ್ಯಾ ಹೈ, ಸೂಜಿ?" ಎಂದು ಕೇಳಿದ. ಹಿಂದಿಯಲ್ಲಿ ರವೆಗೆ ಸೂಜಿ ಎನ್ನುತ್ತಾರೆ.

ಅಲ್ಲೇ ಫುಟ್‌ಪಾತಿನಲ್ಲಿ ಮೂಟೆ ಇಳಿಸಿ ಭಾವ ತಮ್ಮ ಉಡುಪಿ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದರು. ಸುಮಾಳ ಕಾಲು, ಶಾಲೆಯವರು ಬಿಟ್ಟುಹೋದದ್ದು, ಬೂಟಿನ ಕಿಟಕಿ, ಬುಟ್ಟಿ, ಲಂಡನ್ ಚೀಲ, ಕಂಡಕ್ಟರ್ ಚೀಲ. ರವೆ ಹೋಟೆಲಿನದೇ ಎಂಬ ಚೀಟಿಯನ್ನೂ ತೋರಿಸಿದರು. ಹವಾಲ್ದಾರ ಟೋಪಿ ತೆಗೆದು ತಲೆ ಕೆರೆದುಕೊಂಡ. ಬಹಳ ಹೊತ್ತು ಭಾವನ ಹೊಟ್ಟೆಯನ್ನೇ ದಿಟ್ಟಿಸಿದ. ಆಮೇಲೆ ಲಾಠಿಯಿಂದ ಅದನ್ನು ಮೆಲ್ಲಗೆ ತಟ್ಟಿ, "ಅರೇ ಶೆಟ್ಟಿ, ಯೇ ಜಗಾ ಖಾಲಿ ಹೈ ನಾ!" ಎಂದ. ಮುಂಬಯಿಯ ಪೊಲೀಸರಿಗೆ ಉಡುಪಿ ಹೋಟೆಲಿನವರೆಲ್ಲರೂ ಶೆಟ್ಟಿಗಳೇ.

ಹೊಟ್ಟೆ! ನಾವ್ಯಾರೂ ಅದನ್ನು ಜಾಗವೆಂದೇ ಎಣಿಸಿರಲಿಲ್ಲ. ಭಾವ ಮನೆಗೆ ಓಡಿಬಂದು, "ಹತ್ತು ವರ್ಷ ಸಾಕಿದ್ದು ಇವತ್ತು ಕೆಲಸಕ್ಕೆ ಬಂತು ನೋಡು!" ಎಂದು ಹೊಟ್ಟೆಯನ್ನು ಸವರಿಕೊಂಡರು. ಅದೇ ರವೆಯ ಮೂಟೆಯ ದಪ್ಪ ಬಟ್ಟೆಯನ್ನು ಒಗೆದು, ಎರಡು ಅಗಲ ಪಟ್ಟಿಯಿಟ್ಟು ಅಕ್ಕ ಹೊಲಿಗೆಮಿಶಿನಿನಲ್ಲಿ ಹೊಟ್ಟೆಯ ಮೇಲೆ ತೂಗುವ ಚೀಲ ಹೊಲಿದಳು. ಅಳೆದೂ ಸುರಿದೂ ಕೊನೆಗೂ ಭಾವ ತಲೆಯಾಡಿಸಿದರು. ಚೀಲದ ಮೇಲೆ ಮಿಲ್ಲಿನ ನೀಲಿ ಅಕ್ಷರ ಹಾಗೆಯೇ ಉಳಿಯಿತು.

ಮೇ ಕೊನೆಯ ವಾರ ಹೊರಟೆವು. ಲೋಕಲ್‌ನಲ್ಲಿ ಜನ ದಾರಿ ಬಿಟ್ಟರು. ಹಿಂದೆ ಮಗಳು, ಮುಂದೆ ಚೀಲ ಕಟ್ಟಿಕೊಂಡವರಿಗೆ ಬಿಡದೆ ಇನ್ನೇನು ಮಾಡುತ್ತಾರೆ? ರಾಣಿಬಾಗಿನಲ್ಲಿ ಸುಮಾ ನೀರಾನೆಯನ್ನು ನೋಡಿ, ಅಪ್ಪನ ಹೊಟ್ಟೆಯನ್ನು ಬಗ್ಗಿ ನೋಡಿ ನಕ್ಕಳು. ಮರದಡಿ ಊಟವಾಯಿತು. ಭಾವ ಒಮ್ಮೆಯೂ ಅವಳನ್ನು ಬೆಂಚಿನ ಮೇಲೆ ಕೂರಿಸಿ ಮುಂದೆ ಹೋಗಲಿಲ್ಲ.

ಮಧ್ಯಾಹ್ನ ಬೂಟಿನ ಮನೆಯ ಮುಂದೆ ನಿಂತೆವು. ದೊಡ್ಡ ಬೂಟು, ಸಣ್ಣ ಬಾಗಿಲು. ಮುಂದೆ ಚೀಲ, ನಡುವೆ ಹೊಟ್ಟೆ, ಹಿಂದೆ ಮಗಳು. ಭಾವ ನೇರವಾಗಿ ನುಗ್ಗಿದರು, ಸಿಕ್ಕಿಕೊಂಡರು. ಅಡ್ಡವಾಗಿ ನುಗ್ಗಿದರು, ಇನ್ನೂ ಗಟ್ಟಿಯಾಗಿ ಸಿಕ್ಕಿಕೊಂಡರು! ಹಿಂದಿನ ಮಕ್ಕಳ ಸಾಲು "ಅಂಕಲ್, ಆಗೇ ಬಢೋ!" ಎಂದು ಕೂಗತೊಡಗಿತು. ನಾಲ್ಕು ತಿಂಗಳ ಪರೀಕ್ಷೆಯಲ್ಲಿ ಭಾವ ಎಲ್ಲವನ್ನೂ ಅಳೆದಿದ್ದರು, ಆ ಬಾಗಿಲೊಂದನ್ನು ಬಿಟ್ಟು. ಅವರ ಮುಖ ಬಿಳುಚಿಕೊಂಡದ್ದು ನಾನು ನೋಡಿದ್ದು ಅದೇ ಮೊದಲು.

"ನನ್ನನ್ನು ಇಳಿಸು ಅಪ್ಪ" ಎಂದಳು ಸುಮಾ.

"ನಿನಗೆ ಆಗುದಿಲ್ಲ ಮಗಾ, ಮೆಟ್ಟಿಲು ಉಂಟು."

"ಗೊತ್ತುಂಟು. ಕೂತು ಹತ್ತುದು. ಚಾಳಿನಲ್ಲಿ ಹತ್ತುದಿಲ್ವಾ? ಚೀಲ ಕೊಡು."

"ಚೀಲ ಯಾಕೆ? ಚಿಕ್ಕಮ್ಮ ಹಿಡ್ಕೊಳ್ತಾಳೆ."

"ಚಿಕ್ಕಮ್ಮ ಕಳೀತಾಳೆ" ಎಂದಳು ಆ ಮಹಾತಾಯಿ. "ಎಲ್ಲರೂ ಹೊತ್ತದ್ದು ನನ್ನನ್ನೇ. ನಾನೂ ಏನಾದರೂ ಹೊರ್ಬೇಕು."

ಭಾವ ಚೀಲ ಬಿಚ್ಚಿ ಅವಳ ಕೊರಳಿಗೆ ಹಾಕಿದರು. ಅದರೊಳಗೆ ಆಗ ಉಳಿದದ್ದು ಅರ್ಧ ಬಾಟಲಿ ನೀರು, ಒಂದು ಬೈರಾಸು, ಅಷ್ಟೆ. ಅವಳು ಮೆಟ್ಟಿಲಿಗೆ ಬೆನ್ನು ತಿರುಗಿಸಿ ಕುಳಿತು, ಎರಡೂ ಅಂಗೈ ಊರಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರಿದಳು. ಚೀಲ ಮಡಿಲಲ್ಲಿತ್ತು. ಎರಡು ಮೆಟ್ಟಿಲು ಕೆಳಗೆ ಭಾವ, ಅವಳು ಜಾರಿದರೆ ಹಿಡಿಯಲೆಂದು ಎರಡೂ ಕೈ ಚಾಚಿಕೊಂಡು, ಅವಳನ್ನು ಮುಟ್ಟದೆ. ಕೂಗುತ್ತಿದ್ದ ಮಕ್ಕಳು ಹಿಂದೆ ಸಾಲಾಗಿ ಕಾದರು. ಭಾವನ ಕೈಗಳ ಅಗತ್ಯ ಒಮ್ಮೆಯೂ ಬೀಳಲಿಲ್ಲ.

ಕೆಳಗೆ ಅಂಗಳದಲ್ಲಿ ಅಕ್ಕ ಮೇಲೆ ನೋಡುತ್ತ ನಿಂತಿದ್ದಳು, ಬಾಗಿಲಿನಿಂದ ನಾನೂ ಅಲ್ಲಿಗೆ ಓಡಿದೆ. ಕಿಟಕಿಯಲ್ಲಿ ಮೊದಲು ಕಂಡದ್ದು ನೀಲಿ ಅಕ್ಷರದ ಚೀಲ, ಅದರ ಮೇಲೆ ಸುಮಾಳ ಮುಖ.

"ಅಮ್ಮಾ, ಸಮುದ್ರ! ಚೀಲ ನಾನೇ ತಂದದ್ದು!"

ಭಾವ ಇಳಿದು ಬಂದಾಗ ಕಣ್ಣು ಕೆಂಪಾಗಿತ್ತು. ಬೂಟಿನೊಳಗೆ ಧೂಳು ಎಂದರು. ಇಷ್ಟು ವರ್ಷ ಅವರನ್ನು ನೋಡಿ ನಕ್ಕವಳು ನಾನು, ಅವತ್ತು ಮಾತ್ರ ಅವರ ಕಾಲು ಮುಟ್ಟಿ ನಮಸ್ಕಾರ ಮಾಡೋಣವೆನಿಸಿತು. ಅವರು ತಮ್ಮ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಕೊನೆಗೆ ಅಕ್ಕನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಇದು ಅವಳಿಗೆ ದೊಡ್ಡದಾಯ್ತು ಮಾರಾಯ್ತಿ. ಪಟ್ಟಿ ಜಾರ್ತದೆ. ಅವಳ ಅಳತೆಗೆ ಒಂದು ಚೀಲ ನೋಡ್ಬೇಕು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡಿ. ಎಷ್ಟು ತಿಂಗಳು ಬೇಕಾದರೂ ತೆಗೊಳ್ಳಿ."