ಜಿಂಕೆ ಬೇಟೆಗೆ ಬಸವನಗುಡಿಯ ತಯಾರಿ

ನನ್ನ ಪಾಲಿಗೆ ಯಾವ ಕೆಲಸವೂ ನೆಟ್ಟಗೆ ಮುಗಿದ ದಾಖಲೆ ಇಲ್ಲ. ನಡುವೆ ಏನಾದರೊಂದು ಆಗಿಯೇ ಆಗುತ್ತದೆ, ಅದೂ ನಾಲ್ಕು ಜನರ ಮುಂದೆಯೇ ಆಗುತ್ತದೆ. ಜಿಂಕೆ ಬೇಟೆಗೆ ಹೊರಟಾಗಲೂ ಹಾಗೇ ಆಯಿತು. ಬೇಟೆ ಅಂದ ತಕ್ಷಣ ಗಾಬರಿಯಾಗಬೇಡಿ. ನಮ್ಮಲ್ಲಿ ಜಿಂಕೆಯ ತಂಟೆಗೆ ಹೋದರೆ ಜೈಲು. ನಾನು ಹೋಗಿದ್ದು ಅಮೆರಿಕಕ್ಕೆ. ಅಲ್ಲಿ ಅದಕ್ಕೆಂದೇ ಒಂದು ಕಾಲ, ಒಂದು ಪರವಾನಗಿ ಎಲ್ಲ ಇದೆ.

೧. ಒಪ್ಪಿಕೊಂಡಿದ್ದು

ಚಾಮರಾಜಪೇಟೆಯ ಒಂದು ಸ್ಪ್ರಿಂಗ್ ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ನಮ್ಮ ಸ್ಪ್ರಿಂಗ್ ಕೊಳ್ಳುವ ಅಮೆರಿಕದ ಸಾಹೇಬರು ಒಮ್ಮೆ ಬಂದಿದ್ದರು. ಅವರನ್ನು ವಿ.ವಿ. ಪುರಂನ ತಿಂಡಿಬೀದಿಯಲ್ಲೆಲ್ಲ ಸುತ್ತಾಡಿಸಿ, ಮಾರನೇ ದಿನ ಮನೆಗೆ ಊಟಕ್ಕೆ ಕರೆದೆ. ಎಲೆಯಲ್ಲಿ ಹಾಕಿದ್ದನ್ನು ಬಿಡಬಾರದು ಎಂದು ಯಾರೋ ಅವರಿಗೆ ಹೇಳಿಕೊಟ್ಟಿದ್ದರು. ನನ್ನ ಹೆಂಡತಿ ಮಾಡಿದ ಹುಚ್ಚೆಳ್ಳು ಚಟ್ನಿಪುಡಿಯನ್ನು ಸೀನಿ ಸೀನಿ, ಕಣ್ಣೀರು ಒರೆಸಿಕೊಂಡು ಪೂರ್ತಿ ತಿಂದರು. ಆಮೇಲೆ, "ನಿಮ್ಮೂರ ಊಟ ನಾನು ಮಾಡಿದೆ. ಕಾರ್ಖಾನೆ ಕೆಲಸಕ್ಕೆ ನೀವು ಅಲ್ಲಿಗೆ ಬಂದಾಗ ನಮ್ಮೂರ ಬೇಟೆಗೆ ಬರಬೇಕು" ಎಂದರು. ಅಷ್ಟು ಕಷ್ಟಪಟ್ಟು ತಿಂದವರಿಗೆ ಇಲ್ಲ ಅನ್ನುವುದು ಹೇಗೆ? ಹೂಂ ಅಂದುಬಿಟ್ಟೆ.

ಅವರು ಹೋದ ಮೇಲೆ ಹೆಂಡತಿ ಹೇಳಿದಳು: "ಜಿರಳೆ ಕಂಡ್ರೆ ಮಂಚ ಹತ್ತೋರು ನೀವು. ಕೋವಿ ಕೈಗೆ ಕೊಟ್ರೂ ಟ್ರಿಗರ್ ಒತ್ತಲ್ಲ, ಬೇಕಾದ್ರೆ ಬರೆದುಕೊಡ್ತೀನಿ."

ಈ ಮಾತು ನನಗೆ ನಾಟಿತು. ಜಿಂಕೆ ಸಿಗಲಿ ಬಿಡಲಿ, ಟ್ರಿಗರ್ ಮಾತ್ರ ಒತ್ತಿಯೇ ಬರಬೇಕೆಂದು ಅವತ್ತೇ ನಿಶ್ಚಯಿಸಿದೆ. "ಒತ್ತೇ ಒತ್ತುತೀನಿ, ನೋಡ್ತಿರು" ಎಂದೆ.

"ಸರಿ, ಬಚ್ಚಲಲ್ಲಿ ಒಂದು ಕೂತಿದೆ. ಮೊದಲು ಅದನ್ನ ಹೊಡೀರಿ" ಎಂದಳು.

೨. ಕೋವಿ ಇಲ್ಲದ ಅಭ್ಯಾಸ

ಸಾಹೇಬರು ಒಂದು ವಿಡಿಯೋ ಕಳಿಸಿದರು. ಅದು ಹಳೇ ಕಾಲದ ರೀತಿಯ ಕೋವಿ, ಬಾಯಿಯ ಕಡೆಯಿಂದ ತುಂಬಬೇಕು. ಮೊದಲು ಒಂದು ಪುಟ್ಟ ಡಬ್ಬಿಯಷ್ಟು ಕರೀ ಮದ್ದು, ಆಮೇಲೆ ಗುಂಡು, ಆಮೇಲೆ ಉದ್ದನೆ ಕಡ್ಡಿಯಲ್ಲಿ ಒತ್ತಿ ಕೂರಿಸುವುದು, ಕೊನೆಗೆ ಹಿಂದುಗಡೆ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು. ಒಂದು ಸಲಕ್ಕೆ ಒಂದೇ ಗುಂಡು. ಇನ್ನೊಂದು ಬೇಕೆಂದರೆ ಮತ್ತೆ ಮೊದಲಿಂದ. ಕಣ್ಣು ಮುಚ್ಚಿಕೊಂಡರೂ ಕೈ ತಪ್ಪಬಾರದು ಎಂದು ಬರೆದಿದ್ದರು.

ಬಸವನಗುಡಿಯಲ್ಲಿ ಕೋವಿ ಎಲ್ಲಿಂದ ತರುವುದು? ತಾರಸಿಯಲ್ಲಿ ಪ್ಲಂಬರ್ ಬಿಟ್ಟುಹೋದ ಪೈಪಿತ್ತು. ಕಡ್ಡಿಗೆ ಪೊರಕೆ ಕೋಲು, ಗುಂಡಿಗೆ ಗೋಲಿ. ಮದ್ದಿಗೆ ಮಾತ್ರ ಯೋಚನೆಯಾಯಿತು. ಕಪ್ಪಗೆ, ಒಣಗಿ ಉದುರುದುರಾಗಿರುವ ಪದಾರ್ಥ ಅಂತ ನಮ್ಮ ಮನೆಯಲ್ಲಿದ್ದದ್ದು ಹುಚ್ಚೆಳ್ಳು ಪುಡಿ ಒಂದೇ. ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಿಗೆ ಅಳೆದು ತುಂಬಿಕೊಂಡು ದಿನಾ ಬೆಳಿಗ್ಗೆ ಅಭ್ಯಾಸ ಶುರು ಮಾಡಿದೆ.

ಪಕ್ಕದ ತಾರಸಿಯಲ್ಲಿ ಸಂಡಿಗೆ ಒಣಗಿಸುತ್ತಿದ್ದ ಆಂಟಿ ಸ್ವಲ್ಪ ದಿನ ಸುಮ್ಮನೆ ನೋಡಿದರು. ಆಮೇಲೆ ತಡೆಯಲಾರದೆ ಕಾಂಪೌಂಡ್ ಹತ್ತಿರ ನನ್ನ ಹೆಂಡತಿಯನ್ನು ಕರೆದು ಕೇಳಿದರು: "ಏನ್ರೀ, ನಿಮ್ಮನೆಯವರು ಪೈಪ್‌ಗೆ ಚಟ್ನಿಪುಡಿ ಹಾಕಿ ಕುಟ್ತಿರ್ತಾರಲ್ಲ, ಮಿಕ್ಸಿ ಕೆಟ್ಟಿದ್ರೆ ನಮ್ಮದು ತಗೊಂಡ್ ಹೋಗಬಾರದಾ?"

೩. ಅಲ್ಲಾಡದೆ ಕೂರುವುದು

ಬೇಟೆಯಲ್ಲಿ ಓಡಾಟ ಕಮ್ಮಿ, ಮರದ ಕೆಳಗೆ ಅಲ್ಲಾಡದೆ ಕೂರುವುದೇ ಜಾಸ್ತಿಯಂತೆ. ಅದಕ್ಕೆ ಎನ್.ಆರ್. ಕಾಲೋನಿ ಕಡೆಯ ಪಾರ್ಕಿನ ಬೆಂಚಿನಲ್ಲಿ ಕೂತೆ. ಜಿಂಕೆಯ ಜತೆ ಮಾತಾಡುವ ಪ್ರಶ್ನೆಯೇ ಇಲ್ಲವಲ್ಲ, ಆದ್ದರಿಂದ ಯಾರು ಮಾತಾಡಿಸಿದರೂ ಉತ್ತರ ಕೊಡಬಾರದು ಎಂದುಕೊಂಡಿದ್ದೆ.

ನಮ್ಮ ರಸ್ತೆಯ ಹಿರಿಯರೊಬ್ಬರು ವಾಕಿಂಗ್ ನಿಲ್ಲಿಸಿ, "ಏನ್ ಸಾರ್, ಹುಷಾರಿಲ್ವಾ?" ಎಂದರು. ನಾನು ಸುಮ್ಮನಿದ್ದೆ. ಅಷ್ಟಕ್ಕೇ ಜನ ಸೇರಿತು. ಒಬ್ಬರು ನಾಡಿ ಹಿಡಿದರು, ಇನ್ನೊಬ್ಬರು ನೆತ್ತಿಗೆ ನೀರು ತಟ್ಟಿದರು. ಹಿರಿಯರು ನಮ್ಮ ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಕಣ್ಣು ಬಿಟ್ಟಿದಾರಾ?" ಹೆಂಡತಿಯ ದನಿ.

"ಬಿಟ್ಟಿದಾರೆ ಕಣಮ್ಮ. ಆದ್ರೆ ಏನ್ ಕೇಳಿದ್ರೂ ಉತ್ತರ ಇಲ್ಲ."

"ಮನೇಲೂ ಹಾಗೇ ಇರೋದು. ನೀವು ವಾಕಿಂಗ್ ಮುಗಿಸ್ಕೊಳ್ಳಿ."

೪. ವಾಸನೆ

ಜಿಂಕೆಯ ಮೂಗು ಬಹಳ ಚುರುಕು. ಮನುಷ್ಯರ ವಾಸನೆ ಬಂದರೆ ಹತ್ತಿರ ಸುಳಿಯುವುದಿಲ್ಲ. ಬೇಟೆಯ ಬಟ್ಟೆಗೆ ಯಾವ ವಾಸನೆಯೂ ಸೋಕಬಾರದು ಎಂದು ಸಾಹೇಬರು ಎಚ್ಚರಿಸಿದ್ದರು. ಒಗ್ಗರಣೆ, ಊದುಬತ್ತಿ, ಫಿಲ್ಟರ್ ಕಾಫಿ ಇರುವ ಮನೆಯಲ್ಲಿ ಇದು ಆಗುವ ಮಾತಾ? ಹೊಸ ಬಟ್ಟೆಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೀರುವಿನಲ್ಲಿಟ್ಟು, "ಅಮ್ಮ, ಇದಕ್ಕೆ ವಾಸನೆ ಬರಬಾರದು" ಎಂದು ಹೇಳಿ ಕೆಲಸಕ್ಕೆ ಹೋದೆ. ಅಮ್ಮನಿಗೆ ನಾನು ಹೇಳಿದ್ದು ಜಿಂಕೆ ನೋಡಲು ಹೋಗುತ್ತೇನೆ ಎಂದು ಮಾತ್ರ.

ಸಂಜೆ ಬಂದರೆ ಬಟ್ಟೆ ದೇವರ ಮುಂದೆ ಹರಡಿಕೊಂಡಿದೆ. ಅಂಚಿಗೆಲ್ಲ ಅರಿಶಿನ ಕುಂಕುಮ. ಕೋಣೆಯ ತುಂಬ ಹೊಗೆ.

"ಏನಮ್ಮ ಇದು!"

"ವಾಸನೆ ಬರಬಾರದು ಅಂದ್ಯಲ್ಲೋ, ಅದಕ್ಕೇ ಚೆನ್ನಾಗಿ ಸಾಂಬ್ರಾಣಿ ಹಾಕ್ದೆ."

೫. ಒಂದೇ ಗುಂಡು

ಹೊರಡುವಾಗ ಹೆಂಡತಿ ನನ್ನ ಅಭ್ಯಾಸದ ಡಬ್ಬಿಗಳನ್ನೇ ತೊಳೆದು, ಹೊಸ ಪುಡಿ ತುಂಬಿ, "ಬ್ರೆಡ್‌ಗಾದ್ರೂ ಹಾಕ್ಕೊಳ್ಳಿ" ಎಂದು ಕೊಟ್ಟಳು.

ಅಲ್ಲಿ ಕಾಡಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ನಾನೂ ಸಾಹೇಬರೂ ಮರದ ಬುಡದಲ್ಲಿ ಕೂತೆವು. ಬಟ್ಟೆಯನ್ನು ಎಷ್ಟು ಒಗೆದರೂ ಸಾಂಬ್ರಾಣಿ ಬಿಟ್ಟಿರಲಿಲ್ಲ. ಅವರು ಮೂಸಿ ನೋಡಿ ಹಣೆ ಚಚ್ಚಿಕೊಂಡರು. ಮದ್ದಿನ ಡಬ್ಬಿ ಕೊಟ್ಟು, ತುಂಬಿ ಎಂದು ಸನ್ನೆ ಮಾಡಿ ಆಚೆ ತಿರುಗಿದರು. ಅದನ್ನು ಬಲಗಡೆ ಜೇಬಿಗೆ ಹಾಕಿಕೊಂಡೆ. ಎಡಗಡೆ ಜೇಬಿನಲ್ಲಿ ಬುತ್ತಿಯ ಪುಡಿಯ ಡಬ್ಬಿ ಇತ್ತು. ಆಮೇಲೆ ತಾರಸಿಯ ಅಭ್ಯಾಸದಂತೆ ಕೈ ತಾನೇ ತಾನಾಗಿ ಓಡಿತು. ಪುಡಿ, ಗುಂಡು, ಕಡ್ಡಿ, ಕೇಪು. ದಿನಾ ಬರುತ್ತಿದ್ದ ವಾಸನೆಯೇ ಬಂತು, ಹಾಗಾಗಿ ನನಗೆ ಅನುಮಾನವೂ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಜಿಂಕೆ ಬಂತು. ಕೊಂಬಿನ ಗಂಡು. ಬಹಳ ಹತ್ತಿರ ಬಂದು ನಿಂತು ನನ್ನ ಕಡೆಯೇ ನೋಡಿತು. ನಿಜ ಹೇಳುತ್ತೇನೆ, ನನಗೆ ಕೋವಿ ಕೆಳಗಿಟ್ಟು ಮನೆಗೆ ಹೋಗಬೇಕೆನಿಸಿತು. ಅಷ್ಟು ಚೆಂದವಾಗಿತ್ತು ಅದು. ಆದರೆ ಹೆಂಡತಿಯ ಮಾತು ನೆನಪಾಯಿತು. ಕಣ್ಣು ಮುಚ್ಚಿ ಒತ್ತಿಯೇಬಿಟ್ಟೆ.

ಟಪ್ ಎಂದಿತು. ಅಷ್ಟೇ. ಕೇಪು ಸಿಡಿದ ಕಡೆಯಿಂದ ಸಣ್ಣಗೆ ಹೊಗೆ ಬಂತು, ಅದರ ಜತೆ ಹುರಿದ ಮೆಣಸಿನಕಾಯಿ, ಇಂಗಿನ ಘಾಟು. ಸಾಹೇಬರು ಬಗ್ಗಿ ಮೂಸಿದರು. ನಮ್ಮ ಮನೆಯ ಎಲೆಯೂಟ ನೆನಪಾಗಿರಬೇಕು, ಮುಖ ಕೆಂಪಗಾಯಿತು. ಆಮೇಲೆ ಅವರು ಸೀನಿದ ರಭಸಕ್ಕೆ ಜಿಂಕೆ ಒಂದೇ ನೆಗೆತಕ್ಕೆ ಮಾಯ. ಅದು ಓಡಿದ್ದು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮನೆಗೆ ಫೋನ್ ಮಾಡಿದೆ. "ಟ್ರಿಗರ್ ಒತ್ತಿದೆ ಕಣೇ, ದೇವರಾಣೆ!" ಎಂದು ನಡೆದದ್ದೆಲ್ಲ ಹೇಳಿದೆ. ಅವಳು ನಗು ತಡೆಯಲಾರದೆ, "ಅತ್ತೆ, ನಿಮ್ಮ ಮಗ ಜಿಂಕೆ ಹೊಡೆಯಕ್ಕೆ ಹೋಗಿ ಕಾಡಿಗೆ ಒಗ್ಗರಣೆ ಹಾಕಿದಾರೆ!" ಎಂದು ಕೂಗಿದಳು. ಅಮ್ಮನಿಗೆ ಗುಟ್ಟು ಗೊತ್ತಾಗಿಹೋಯಿತು. ಬೈಗುಳಕ್ಕೆ ನಾನು ಸಿದ್ಧನಾದೆ.

ಅಮ್ಮ ಫೋನ್ ಕಿತ್ತುಕೊಂಡು ಹೇಳಿದರು: "ನೋಡ್ದ್ಯಾ? ನಾನು ಹಾಕಿದ ಸಾಂಬ್ರಾಣಿಗೆ ಪಾಪ ಅಷ್ಟು ಹತ್ರ ಬಂದಿತ್ತು. ನಿನ್ನ ಹೆಂಡ್ತಿ ಪುಡಿಗೆ ಓಡಿಹೋಯ್ತು."