ನಮ್ಮವರ ಪುಸ್ತಕಕ್ಕೆ ನಾನು ಹಾಕಿದ ಬೈಂಡು

ಇದನ್ನೆಲ್ಲ ಬರೆದರೆ ನಿಮ್ಮ ಯಜಮಾನರಿಗೆ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗುವುದಿಲ್ಲ. ಅವರು ಈಗ ಸಾಹಿತಿ. ಇನ್ನೊಬ್ಬರು ಬರೆದದ್ದನ್ನು ಓದುವ ಅಭ್ಯಾಸ ಬಿಟ್ಟುಹೋಗಿದೆ. ನಾನು ಕಲಿತದ್ದು ಮೂರನೇ ಕ್ಲಾಸು, ಒತ್ತಕ್ಷರ ಬಂದರೆ ಬೆರಳು ಅಲ್ಲಿಯೇ ನಿಲ್ಲುತ್ತದೆ. ಆದರೆ ಮುಂಬಯಿ ಕಡೆ ಈ ಡೊಂಬಿವಲಿಗೆ ಬಂದ ಮೇಲೆ ಕೂತೆದ್ದ ಪುಸ್ತಕ ಬಿಡುಗಡೆಗಳಿಗೆ ಲೆಕ್ಕವಿಲ್ಲ. ನಮ್ಮಲ್ಲಿ ಅದು ಮದುವೆಯ ಮುಯ್ಯಿಯ ಹಾಗೆ. ನೀವು ನಮ್ಮದಕ್ಕೆ ಬಂದರೆ ನಾವು ನಿಮ್ಮದಕ್ಕೆ ಬರಬೇಕು. ಠಾಣೆಯಲ್ಲಿರಲಿ, ಟಿಟ್ವಾಳಾದಲ್ಲಿರಲಿ, ಲೋಕಲ್ ರೈಲಿನಲ್ಲಿ ನೇತಾಡಿಕೊಂಡಾದರೂ ಬರಬೇಕು. ಬಂದವರಿಗೆ ಉಪ್ಪಿಟ್ಟು ಕೊಡುತ್ತಾರೆ, ಕೈಗೊಂದು ಪುಸ್ತಕ ತುರುಕುತ್ತಾರೆ. ಉಪ್ಪಿಟ್ಟು ಅಲ್ಲೇ ಮುಗಿಯುತ್ತದೆ. ಪುಸ್ತಕ ಮನೆಗೆ ಬಂದು ಅಟ್ಟ ಸೇರುತ್ತದೆ.

ನಮ್ಮವರು ಜೀವಮಾನವಿಡೀ ಹೋಟೆಲಿನ ಗಲ್ಲಾದಲ್ಲಿ ಕೂತವರು. ಗಲ್ಲಾ ಬಿಟ್ಟ ಮೇಲೆ ಮಾತಾಡಿಸಲು ಗಿರಾಕಿಯಿಲ್ಲದೆ ಆತ್ಮಕಥೆ ಬರೆದರು. ಊರಲ್ಲಿ ಸಸ್ತಾ ಆಗುತ್ತದೆಂದು ಉಡುಪಿ ಕಡೆಯೇ ಅಚ್ಚಿಗೆ ಕೊಟ್ಟರು. ಬಿಡುಗಡೆಯ ದಿನ ಮಧ್ಯಾಹ್ನ ಅವರು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಭಾಷಣ ಅಭ್ಯಾಸ ಮಾಡುತ್ತಿದ್ದಾಗ ನಮ್ಮ ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ ಭಾಸ್ಕರ ಬಂದ. ಮುಖ ಇಂಗು ತಿಂದ ಮಂಗನದು.

“ಅಕ್ಕಾ, ಪುಸ್ತಕದ ಬಂಡಲು ಬರುವ ಬಸ್ಸು ಠಾಣೆಯ ಮಾಜಿವಾಡಾದಲ್ಲಿ ಕೆಟ್ಟು ನಿಂತಿದೆ. ಟೆಂಪೋ ಕಳಿಸಿದ್ದೇನೆ, ಆದ್ರೆ ಟ್ರಾಫಿಕ್ ಅಂದ್ರೆ ಟ್ರಾಫಿಕ್. ಕಾರ್ಯಕ್ರಮ ಮುಗಿಯುವ ಮೊದಲು ಮುಟ್ಟುವುದು ಡೌಟು.”

“ಹಾಗಾದ್ರೆ ಮುಂದೆ ಹಾಕು ಮಾರಾಯ.”

“ಹಾಲ್ ಪುನಃ ಸಿಗ್ಲಿಕ್ಕುಂಟಾ? ಅತಿಥಿಗಳು ಠಾಣೆಯಿಂದ ಹೊರಟೂ ಆಯ್ತು. ಅಣ್ಣನಿಗೆ ಹೇಳುದಾ?”

ಹೇಳುವ ಹಾಗಿರಲಿಲ್ಲ. ಹಿಂದಿನ ತಿಂಗಳಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮನುಷ್ಯ. ಗಾಬರಿಯ ಸುದ್ದಿ ಕಿವಿಗೆ ಹಾಕಬೇಡಿ ಎಂದು ಡಾಕ್ಟರು ನನಗೇ ಹೇಳಿದ್ದರು.

ಅಚ್ಚಿನವರು ಮಾದರಿಗೆಂದು ಮೊದಲೇ ಕಳಿಸಿದ್ದ ಬಿಡಿ ಮುಖಪುಟಗಳು ಮೇಜಿನ ಮೇಲಿದ್ದವು. ಭಾಸ್ಕರ ಅವನ್ನು ನೋಡಿದ, ನಮ್ಮ ಅಟ್ಟ ನೋಡಿದ. “ಇದೇ ಅಳತೆಯ ಬೇರೆ ಪುಸ್ತಕಕ್ಕೆ ಇದನ್ನು ಬೈಂಡ್ ಹಾಕಿಬಿಡಿ ಅಕ್ಕಾ, ಶಾಲೆ ಮಕ್ಕಳ ಪುಸ್ತಕಕ್ಕೆ ಹಾಕಿದ ಹಾಗೆ. ಅತಿಥಿಗಳು ಮುಖಪುಟ ತೋರಿಸ್ತಾರೆ, ಫೋಟೋ ತೆಗೆಸ್ತಾರೆ, ಕೆಳಗಿಡ್ತಾರೆ. ಒಳಗೆ ಯಾರು ನೋಡ್ತಾರೆ?”

ಅವನ ಮಾತು ಸುಳ್ಳಲ್ಲ. ವೇದಿಕೆಯ ಮೇಲೆ ಪುಸ್ತಕ ತೆರೆದವರನ್ನು ಅಂದಿನವರೆಗೆ ನಾನೂ ಕಂಡಿರಲಿಲ್ಲ. ಹೆಸರು ಓದುತ್ತ ಕೂರಲು ಪುರಸೊತ್ತಿಲ್ಲ. ಅಟ್ಟದಿಂದ ಅಳತೆ ನೋಡಿ ಒಂದನ್ನು ಎಳೆದೆ, ಧೂಳು ಒರೆಸಿದೆ, ಬೈಂಡ್ ಹಾಕಿದೆ, ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದೆ. ಬಚ್ಚಲೊಳಗೆ ನಮ್ಮವರು “ಮಾನ್ಯ ಅಧ್ಯಕ್ಷರೇ” ಎನ್ನುತ್ತಿದ್ದರು.

ಮುಖ್ಯ ಅತಿಥಿ ಧಾರವಾಡದ ಕಡೆಯ ಹಿರಿಯ ಸಾಹಿತಿ, ಠಾಣೆಯಲ್ಲಿ ಮಗಳ ಮನೆಯಲ್ಲಿರುವವರು. ರಿಬ್ಬನ್ ಎಳೆದರು, ಮುಖಪುಟ ಎತ್ತಿ ಹಿಡಿದರು, ಫೋಟೋ ಆಯಿತು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಆ ಪುಣ್ಯಾತ್ಮರು ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಪುಸ್ತಕ ತೆರೆದೇಬಿಟ್ಟರು.

ಮೊದಲ ಪುಟದಲ್ಲೇ ಅವರ ಕೈ ನಿಂತಿತು. ಮುಚ್ಚಿ ಮುಖಪುಟ ನೋಡಿದರು. ತಿರುಗಿ ತೆರೆದರು. ಆಮೇಲೆ ನಮ್ಮವರ ಕಡೆ ನೋಡಿದರು. ನಮ್ಮವರು ಪಕ್ಕದಲ್ಲಿ ಮದುಮಗನ ಹಾಗೆ ಹಲ್ಲು ಬಿಟ್ಟುಕೊಂಡು ಕೂತಿದ್ದಾರೆ. ನಾನು ಭಾಸ್ಕರನನ್ನು ಹುಡುಕಿದರೆ ಅವನು ಗೋಡೆಗೆ ಮುಖ ಮಾಡಿ ಫ್ಯಾನಿನ ಸ್ವಿಚ್ಚು ಅದುಮುತ್ತಿದ್ದಾನೆ, ಫ್ಯಾನು ಮೊದಲೇ ತಿರುಗುತ್ತಿತ್ತು. ನನ್ನ ಕೈ ಚೀಲದೊಳಗೆ ನಮ್ಮವರ ಮಾತ್ರೆ ತಡಕುತ್ತಿತ್ತು.

ಅತಿಥಿಗಳು ಮೈಕಿನ ಮುಂದೆ ನಿಂತರು. “ಈ ಪುಸ್ತಕ ನನಗ ಭಾಳ ಪರಿಚಯದ್ದು ಅನ್ನಿಸ್ತದ,” ಎಂದರು. “ನಾ ಮಾತಾಡೂದಕ್ಕಿಂತ ಒಂದು ಸಾಲು ಓದತೀನಿ.” ಓದಿದರು: “ಹಸಿವಿಗೆ ಊರಿಲ್ಲ. ಬಂದವನ ಮುಖ ನೋಡಿದರೆ ಸಾಕು, ಅವನ ಮನೆಯ ಒಲೆ ಉರಿದಿದೆಯೋ ಇಲ್ಲವೋ ತಿಳಿಯುತ್ತದೆ.”

ಸಭೆಯ ತುಂಬ ಹೋಟೆಲಿನವರೇ. ಚಪ್ಪಾಳೆ ನಿಲ್ಲಲೇ ಇಲ್ಲ. ನಮ್ಮವರು ಎದ್ದು ಕೈ ಮುಗಿದರು. ಅತಿಥಿಗಳು ಪುಸ್ತಕ ಮುಚ್ಚಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಚಹಾದ ಹೊತ್ತಿಗೆ ಅವರನ್ನು ಮೂಲೆಗೆ ಕರೆದು ನಡೆದದ್ದು ಹೇಳಿದೆ. “ನಿಮ್ಮ ಕಾಲಿಗೆ ಬೀಳ್ತೇನೆ, ಇವರಿಗೆ ಮಾತ್ರ ಗೊತ್ತು ಮಾಡ್ಬೇಡಿ.”

“ಅಕ್ಕಾರ, ಒಳಗಿರೋ ಪುಸ್ತಕ ನಂದು. ನಿಮ್ಮ ಯಜಮಾನ್ರಿಗೆ ನಾನೇ ಸಹಿ ಮಾಡಿ ಕೊಟ್ಟದ್ದು. ನೋಡ್ರಿ, ‘ಓದಿ ಅಭಿಪ್ರಾಯ ತಿಳಿಸಿ’ ಅಂತ ಬರದೀನಿ.” ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರು ಪ್ಲೇಟು ಕೆಳಗಿಟ್ಟರು. “ನನ್ನ ಹೆಸರಿನ್ಯಾಗ ಆ ಸಾಲಿಗೆ ಒಬ್ಬನೂ ಚಪ್ಪಾಳಿ ಹೊಡದಿರಲಿಲ್ಲ. ಅಂತೂ ಇವತ್ತ ಅಭಿಪ್ರಾಯ ಬಂತಲ್ಲ, ಬಿಡ್ರಿ. ಉಪ್ಪಿಟ್ಟು ಛಲೋ ಆಗೇದ.”

ಆಗಲೇ ಟೆಂಪೋ ಬಂತು, ಜನ ಮುಗಿಬಿದ್ದು ಪುಸ್ತಕ ಕೊಂಡರು. ಗೆದ್ದೆ ಎಂದುಕೊಂಡೆ. ಮರುದಿನದಿಂದ ಫೋನು ಶುರು: “ರಾಯರೇ, ಆ ಒಲೆಯ ಸಾಲು ಯಾವ ಪುಟ?” ನಮ್ಮವರು ಪುಸ್ತಕ ಹಿಂದೆ ಮುಂದೆ ಮಗುಚಿದರು. ಇಡ್ಲಿ ಹಿಟ್ಟು ಹುಳಿಯಾದದ್ದಕ್ಕೆ ಪುಟಗಟ್ಟಲೆ ಉಂಟು, ನಮ್ಮ ಮದುವೆಗೆ ಅರ್ಧ ಸಾಲು ಉಂಟು, ಒಲೆಯ ಸಾಲು ಇಲ್ಲ. ಅಚ್ಚಿನವರಿಗೆ ಫೋನು ಹಚ್ಚಿದರು. “ನನ್ನ ಒಳ್ಳೆ ಸಾಲನ್ನೇ ನುಂಗಿ ಹಾಕಿದ್ರಲ್ಲ ಮಾರಾಯ್ರೆ!” ಸ್ವರ ಏರಿತು, ಕೈ ಎದೆಗೆ ಹೋಯಿತು. ನಾನು ನೀರಿನ ಲೋಟ ಹಿಡಿದು ನಿಂತೆ. ನಾನು ಭಾಸ್ಕರನಿಗೆ ಫೋನು ಮಾಡಿದರೆ ಅವನು ಎತ್ತುವುದಿಲ್ಲ.

ಕೊನೆಗೆ ಉಳಿದ ಪ್ರತಿಗಳಲ್ಲಿ ಆ ಸಾಲನ್ನು ಪೆನ್ನಿನಲ್ಲಿ ತಾನೇ ಬರೆಯುತ್ತೇನೆಂದು ಕೂತರು. “ಹೋಯ್, ನೀನು ಎದುರೇ ಕೂತಿದ್ದೆಯಲ್ಲ, ಸಾಲು ನೆನಪುಂಟಾ?” ಹೆದರಿಕೆಯಲ್ಲಿ ಕೇಳಿದ ಮಾತು ಮರೆಯುತ್ತದೆಯೇ? ಒಂದಕ್ಷರ ಬಿಡದೆ ಹೇಳಿದೆ. ಅವರು ಪೆನ್ನು ಎತ್ತಿ ತಲೆ ಅಲ್ಲಾಡಿಸಿದರು. “ಹಾಗಲ್ಲ. ‘ಅವನ ಮನೆಯ ಒಲೆ’ ಅಲ್ಲ, ‘ಅವನ ತಾಯಿಯ ಒಲೆ’. ನಾನು ಬರೆದದ್ದು ನನಗೆ ಗೊತ್ತಿಲ್ವಾ?”

ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳೆಂದು ನಮ್ಮ ಬಿಲ್ಡಿಂಗಿನಲ್ಲಿ ನನಗೆ ಹೆಸರು. ಸೊಸೈಟಿಯ ಚೇರ್ಮನ್ ನನ್ನನ್ನು ಕಂಡರೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ಅಂಥವಳು ಒಂದು ಗಳಿಗೆ ನಮ್ಮವರ ಮುಖ ನೋಡಿದೆ.

“ಹೌದು, ತಾಯಿಯ ಒಲೆಯೇ. ಅಕ್ಷರ ಬಾರದವಳು, ನನಗೇ ತಪ್ಪಿತು,” ಎಂದು ಮುಂದಿನ ಪ್ರತಿ ತೆರೆದುಕೊಟ್ಟೆ.